ಕೊಂಬಿಗೆ ಜಾಗವಿಲ್ಲದ ಬೋಗಿ

ಕೆಮ್ಮಣ್ಣುಗುಂಡಿಗೆ ಹೋಗುವವರು ಗುಲಾಬಿ ತೋಟ ನೋಡಲು ಹೋಗುತ್ತಾರೆ, ಝಡ್ ಪಾಯಿಂಟಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ, ಮೊಣಕಾಲು ಗಟ್ಟಿಯಿದ್ದವರು ಹೆಬ್ಬೆ ಜಲಪಾತಕ್ಕೂ ಇಳಿಯುತ್ತಾರೆ. ನಾನು ಕಳೆದ ಡಿಸೆಂಬರಿನಲ್ಲಿ ಆ ಕಡೆ ಹೋದದ್ದು ದನದ ಬೋಗಿ ನೋಡಲು. ಹಾಗೆಂದರೆ ನಗುತ್ತೀರಿ. ನಮ್ಮ ಮನೆಯವರೂ ನಕ್ಕರು. "ಅರವತ್ತೈದರ ಮೇಲೆ ಆಟದ ಸಾಮಾನು ನೋಡಲು ಬಸ್ಸು ಹತ್ತಿ ಹೋಗುವವಳು ನೀನೊಬ್ಬಳೇ" ಎಂದರು.

ಬೆಟ್ಟದ ತಪ್ಪಲಿನಲ್ಲಿ, ಲಿಂಗದಹಳ್ಳಿಯಿಂದ ಸ್ವಲ್ಪ ಮುಂದೆ, ನನ್ನ ತಮ್ಮನ ಚಿಕ್ಕ ಕಾಫಿ ತೋಟವಿದೆ. ಅವನ ಅಳಿಯ ಇಂಗ್ಲೆಂಡಿನಲ್ಲಿ ಎಂಜಿನಿಯರು. ಉಳಿದ ಗಂಡಸರಿಗೆ ಕ್ರಿಕೆಟ್ಟಿನ ಹುಚ್ಚಿದ್ದರೆ ಇವನಿಗೆ ತೋಟದ ರೈಲಿನ ಹುಚ್ಚು. ಅಂದರೆ ಮನೆಯೊಳಗೆ ಮೇಜಿನ ಮೇಲೆ ಓಡುವ ಆಟಿಕೆಯಲ್ಲ. ಅಂಗಳದ ಹೂಗಿಡಗಳ ನಡುವೆ, ಮಳೆ ಬಿಸಿಲಿಗೆ ಮೈಯೊಡ್ಡಿ ಓಡುವ ಪುಟ್ಟ ರೈಲು. ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿಯವರು 1968ರಲ್ಲಿ ಎಲ್‌ಜಿಬಿ ಎಂಬ ಹೆಸರಿನಲ್ಲಿ ಇಂಥ ರೈಲನ್ನು ಮಾರುಕಟ್ಟೆಗೆ ತಂದ ಮೇಲೆ ಈ ಹವ್ಯಾಸ ಹಬ್ಬಿತಂತೆ. ಅದರ ಹಳಿಗಳ ನಡುವಿನ ಅಂತರ 45 ಮಿಲಿಮೀಟರ್. ಬ್ರಿಟನ್ನಿನವರು ಇನ್ನೊಂದು ಲೆಕ್ಕ ಹಿಡಿದಿದ್ದಾರೆ: ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 16 ಮಿಲಿಮೀಟರ್. ಹಾಗಾಗಿ ಎರಡಡಿ ಅಗಲದ ನ್ಯಾರೋ ಗೇಜ್ ಹಳಿ 32 ಮಿಲಿಮೀಟರ್ ಆಗುತ್ತದೆ. ಅಳಿಯ ಹಾಸಿರುವುದು ಈ ಎರಡನೆಯದು. ಅತ್ತೆಯ ಡೇಲಿಯಾ ಪಾತಿಯನ್ನು ಸುತ್ತಿ, ತುಳಸಿಕಟ್ಟೆಯ ಹಿಂದೆ ಹಾದು, ಬಾವಿಕಟ್ಟೆಯ ಹತ್ತಿರ ಒಂದು ಸ್ಟೇಷನ್ನು.

ಈ ಸಲ ಅವನು ಮೂರು ಹೊಸ ಬೋಗಿ ತಂದಿದ್ದ. ಮೂರೂ ದನ ಸಾಗಿಸುವ ಬೋಗಿಗಳೇ. "ಅತ್ತೇ, ನೀವು ದನ ಕಂಡವರು. ಯಾವುದು ಚೆನ್ನಾಗಿದೆ, ದಾಕ್ಷಿಣ್ಯವಿಲ್ಲದೆ ಹೇಳಬೇಕು" ಎಂದು ಫೋನು ಮಾಡಿದ. ದಾಕ್ಷಿಣ್ಯವಿಲ್ಲದೆ ಮಾತಾಡಲು ಯಾರಾದರೂ ಕರೆದರೆ ಯಾವ ಹೆಂಗಸು ತಾನೆ ಹೋಗದೆ ಇರುತ್ತಾಳೆ?

ಮೊದಲನೆಯದು ಪ್ಲಾಸ್ಟಿಕ್ಕಿನದು, ಪೆಟ್ಟಿಗೆಯಿಂದ ತೆಗೆದ ಕೂಡಲೇ ಓಡಿಸಬಹುದು. ಹಲಗೆಯ ನಾರು, ಮೊಳೆಯ ತಲೆ, ಬಾಗಿಲಿನ ಕೀಲು ಎಲ್ಲವೂ ಅಚ್ಚಿನಲ್ಲಿ ಅಚ್ಚುಕಟ್ಟಾಗಿ ಮೂಡಿವೆ. ಮಳೆಗೆ ಉಬ್ಬುವುದಿಲ್ಲ, ಗೆದ್ದಲಿಗೆ ಬಗ್ಗುವುದಿಲ್ಲ. ಆದರೆ ಬಾಗಿಲು ತೆರೆಯುವುದಿಲ್ಲ! ಅದು ಬಾಗಿಲಿನ ಚಿತ್ರ, ಬಾಗಿಲಲ್ಲ. ಹಲಗೆಗಳ ನಡುವಿನ ಸಂದೂ ಅಷ್ಟೇ, ಬರೀ ಗೀರು. ದನದ ಬೋಗಿಗೂ ಸಾಮಾನಿನ ಬೋಗಿಗೂ ಇರುವ ವ್ಯತ್ಯಾಸವೇ ಆ ಸಂದು. ಒಳಗೆ ಉಸಿರಿರುವ ಜೀವಗಳಿವೆ, ಗಾಳಿ ಆಡಬೇಕು ಎಂಬುದಕ್ಕಾಗಿಯೇ ಅದನ್ನು ಬಿಟ್ಟಿರುವುದು. ಸಂದು ಮುಚ್ಚಿದರೆ ಅದು ಅಕ್ಕಿ ಮೂಟೆಯ ಬೋಗಿ.

ಎರಡನೆಯದು ಹಿತ್ತಾಳೆಯದು. ಬೆಲೆ ಕೇಳಿ ನಾನು ಅದನ್ನು ಮೆಲ್ಲಗೆ ಕೆಳಗಿಟ್ಟೆ. ಬಾಗಿಲು ತೆರೆಯುತ್ತದೆ, ಸಂದು ನಿಜವಾದದ್ದೇ, ಕೆಳಗೆ ಬ್ರೇಕಿನ ಕಡ್ಡಿಗಳೂ ಇವೆ. ಬೋಗಿಯ ಕೆಳಭಾಗದಲ್ಲಿ ಬಿಳಿ ಬಣ್ಣ ಇಳಿದ ಹಾಗೆ ಗೆರೆಗಳಿದ್ದವು. ಬಣ್ಣ ಕೆಟ್ಟಿದೆಯೆಂದುಕೊಂಡೆ. ಅಲ್ಲವಂತೆ, ಬೇಕೆಂದೇ ಹಾಗೆ ಮಾಡಿದ್ದು. ಒಂದು ಮಂದೆಯ ರೋಗ ಇನ್ನೊಂದಕ್ಕೆ ಹರಡದಿರಲೆಂದು ಬ್ರಿಟನ್ನಿನಲ್ಲಿ ಹಿಂದೆ ದನದ ಬೋಗಿಗಳಿಗೆ ಸುಣ್ಣ ಬಳಿಯುತ್ತಿದ್ದರು. ಅದು ಹಲಗೆಯ ಸಂದಿನಿಂದ ಹೊರಗೆ ಸೋರಿದ ಗುರುತು. ಇದು ನನಗೆ ಹಿಡಿಸಿತು. ಬಳಸಿದ ಪಾತ್ರೆಗೂ ಷೋಕೇಸಿನ ಪಾತ್ರೆಗೂ ಇರುವ ಅಂತರ ಅಡಿಗೆಮನೆಯವರಿಗೆ ಗೊತ್ತಲ್ಲ. ಆದರೆ ಅಷ್ಟು ಬೆಲೆಯದನ್ನು ಮಗುವಿನ ಕೈಗೆ ಕೊಡುವವರಾರು? ಎಂಟು ವರ್ಷದ ಪುಟ್ಟ ಅದನ್ನು ಮುಟ್ಟಿದಾಗಲೆಲ್ಲ ಅಪ್ಪನಿಂದ "ಜೋಪಾನ" ಎಂಬ ಗದರಿಕೆ. ಮುಟ್ಟಬಾರದ ಆಟಿಕೆ ಉಣ್ಣಬಾರದ ಹೋಳಿಗೆಯಂತೆ.

ಮೂರನೆಯದು ಮರದ ತುಂಡುಗಳ ಕಟ್ಟು. ನಾವೇ ಅಂಟು ಹಾಕಿ ಜೋಡಿಸಬೇಕು. ಮಟ್ಟಸ ಸ್ವಲ್ಪ ಕಡಿಮೆ, ಒಂದು ಮೂಲೆ ಸೊಟ್ಟ. ಆದರೆ ಬಾಗಿಲಿನ ಕೆಳ ಅರ್ಧ ಹೊರಕ್ಕೆ ಮಗುಚಿ ಇಳಿಜಾರು ಹಲಗೆಯಾಗುತ್ತದೆ. ದನ ಹತ್ತುವುದು ಅದರ ಮೇಲೆಯೇ. ಒಳಗೆ ನಾಲ್ಕು ಪುಟ್ಟ ಬಳೆ, ಹಗ್ಗ ಕಟ್ಟಲು. ಇದನ್ನು ಮಾಡಿದವರು ಯಾರೋ, ದನ ಹತ್ತಿಸುವುದನ್ನು ಒಂದು ಸಲವಾದರೂ ನಿಂತು ನೋಡಿದವರು ಎನ್ನಿಸಿತು.

ಇಷ್ಟು ಹೇಳಿ ಸುಮ್ಮನಿರಬಹುದಿತ್ತು. ಆದರೆ ಬೋಗಿಗಳ ಜೊತೆ ಬಂದಿದ್ದ ದನಗಳನ್ನು ಪುಟ್ಟ ತಂದು ನನ್ನ ಮಡಿಲಿಗೆ ಸುರಿದ. ಕಪ್ಪು ಬಿಳಿ ಮಚ್ಚೆಯ ಹಸುಗಳು, ಕೆಂಚು ಹಸುಗಳು, ಎಲ್ಲವೂ ಉಂಡು ಮಲಗೆದ್ದ ಹಾಗೆ ದುಂಡಗೆ. ಒಂದಕ್ಕೂ ಇಣಿಯಿಲ್ಲ, ಕೊಂಬಂತೂ ಇಲ್ಲವೆಂದರೂ ಸರಿ. ನಾನಿರುವುದು ಕಡೂರಿನಲ್ಲಿ, ಹುಟ್ಟಿದ್ದು ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ. ಅಜ್ಜಂಪುರ ಎಂದರೆ ಅಮೃತ ಮಹಲ್ ತಳಿಯ ಊರು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ 'ಅಮೃತ ಮಹಲ್' ಎಂದು ಹೆಸರಿಟ್ಟದ್ದು. ಬೂದು ಮೈ, ಸಣ್ಣ ಮುಖ, ಹಣೆಯಿಂದ ಹಿಂದಕ್ಕೆ ಬಾಗಿ ಮೇಲಕ್ಕೆ ಚಿಮ್ಮಿ ತುದಿಯಲ್ಲಿ ಕಪ್ಪಗೆ ಚೂಪಾದ ಕೊಂಬು. ಚಿದಂಬರದ ರಕ್ಷಣೆಗೆ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಗೆಜೆಟಿಯರಿನಲ್ಲಿದೆ. ಇವು ಬೋಗಿಯಲ್ಲಿ ಹೋಗುವ ಜಾತಿಯಲ್ಲ, ತೋಪುಗಳನ್ನೇ ಎಳೆದುಕೊಂಡು ಹೋಗುವ ಜಾತಿ.

ಆದರೂ ನಾನು ಅವನ್ನು ಬೋಗಿಗೆ ಹತ್ತಿಸಿದ್ದನ್ನು ನೋಡಿದ್ದೇನೆ. ಈ ಮಾತು ಇಷ್ಟು ವರ್ಷ ಯಾರ ಹತ್ತಿರವೂ ಆಡಿರಲಿಲ್ಲ.

ಅಪ್ಪ ಅಜ್ಜಂಪುರದ ಹರಾಜಿನಲ್ಲಿ ಒಂದು ಜೊತೆ ಹೋರಿಕರು ಹಿಡಿದು ತಂದಿದ್ದರು. ಅದಕ್ಕಾಗಿ ಅಮ್ಮನ ಅಡ್ಡಿಗೆ ಹೋಯಿತು. ಅಮ್ಮ ಒಂದು ಮಾತೂ ಆಡಲಿಲ್ಲ. ಕರುಗಳಿಗೆ ತಾನೇ ಅರಿಸಿನ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡಳು. ಬೆಳೆದು ನೊಗಕ್ಕೆ ಬಂದ ಮೇಲೆ ಅವು ಅಪ್ಪನನ್ನು ಬಿಟ್ಟರೆ ಅಮ್ಮನನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುತ್ತಿದ್ದವು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮಳೆ ಕೈಕೊಟ್ಟಿತು. ಎರಡು ವರ್ಷ ಹುಲ್ಲಿಲ್ಲ. ಕೊನೆಗೆ ಜೊತೆಯನ್ನು ದೂರದೂರಿನ ವ್ಯಾಪಾರಿಗೆ ಕೊಟ್ಟರು. ಆಗಿನ್ನೂ ನಮ್ಮ ಕಡೆ ಮೀಟರ್ ಗೇಜ್ ರೈಲು. ಸ್ಟೇಷನ್ನಿನ ಪಕ್ಕದ ಕಟ್ಟೆಗೆ ಬೋಗಿ ನಿಲ್ಲಿಸಿದ್ದರು. ಎಡಗೋಲಿನವನು ಹತ್ತಿದ. ಬಲಗೋಲಿನವನು ಹಲಗೆಯ ಮೇಲೆ ಒಂದು ಕಾಲಿಟ್ಟವನು ಮುಂದೆ ಬರಲೇ ಇಲ್ಲ. ಹೊಡೆದರು, ಬಾಲ ತಿರುಚಿದರು. ಅವನು ಅಲುಗಲಿಲ್ಲ. ಆಗ ವ್ಯಾಪಾರಿ ಅಮ್ಮನ ಕಡೆ ತಿರುಗಿ, "ತಾಯಿ, ನೀವೇ ಒಂದು ಸಲ ಕರೀರಿ" ಎಂದ.

ಅಮ್ಮ ಬೋಗಿಯೊಳಗೆ ಹತ್ತಿ ನಿಂತು ಕರೆದಳು. ಅವನು ಕೊಂಬು ಬಾಗಿಸಿಕೊಂಡು, ಕರು ಬಂದ ಹಾಗೆ ಬಂದ.

ಅಲ್ಲಿಂದ ಮನೆಗೆ ಬಂದ ಅಮ್ಮ ಮೂರು ದಿನ ಹಟ್ಟಿಯ ಕಡೆ ಹೋಗಲಿಲ್ಲ. ಮಾರಿದ್ದಕ್ಕಲ್ಲ ಅವಳ ದುಃಖ, ಕರೆದದ್ದಕ್ಕೆ. ಅವನಿಗೆ ನನ್ನ ಮೇಲೆ ನಂಬಿಕೆಯಿತ್ತು ಎಂದು ಸಾಯುವವರೆಗೆ ಆಗಾಗ ಹೇಳಿಕೊಳ್ಳುತ್ತಿದ್ದಳು. ಅವಳನ್ನು ಸಮಾಧಾನ ಮಾಡುವ ಮಾತು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆದ್ದರಿಂದಲೇ ಆ ಪ್ಲಾಸ್ಟಿಕ್ ಬೋಗಿಯ ತೆರೆಯದ ಬಾಗಿಲು ಕಂಡು ನನಗೆ ಅಷ್ಟು ಸಿಟ್ಟು ಬಂದದ್ದು. ಆಟಿಕೆಯಲ್ಲಿ ಇಷ್ಟೆಲ್ಲ ಹುಡುಕಬೇಕೆ ಎಂದು ನೀವು ಕೇಳಬಹುದು. ಅಳಿಯನೂ ಕೇಳಿದ. ಮಗುವಿಗೆ ದುಃಖ ಕಲಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಆಟಿಕೆ ಸುಳ್ಳನ್ನು ಕಲಿಸಬಾರದು. ದನದ ಬೋಗಿಯನ್ನು ಮಾಡಿ ಅದಕ್ಕೆ ಬಾಗಿಲೇ ಬೇಡ ಎಂದರೆ, ದನ ಅದರೊಳಗೆ ತಾನಾಗಿ ಇತ್ತು, ಯಾರೂ ಹತ್ತಿಸಲಿಲ್ಲ, ಯಾರೂ ಕರೆಯಲಿಲ್ಲ ಎಂದ ಹಾಗಾಯಿತು. ಹತ್ತಿಸುವ ಹಲಗೆ ಇದ್ದರೆ ಮಗು ಕೇಳುತ್ತದೆ: ಅಜ್ಜಿ, ಹತ್ತದಿದ್ದರೆ ಏನು ಮಾಡುತ್ತಾರೆ? ಆ ಪ್ರಶ್ನೆ ಬಂದರೆ ಬೋಗಿಗೆ ಕೊಟ್ಟ ದುಡ್ಡು ಹುಟ್ಟಿತು.

ಇನ್ನೊಂದು ತಕರಾರೂ ಇದೆ. ಈ ಹವ್ಯಾಸಿಗಳು ಬಲು ನಿಷ್ಠೆಯವರು. ಡೆವನ್ ಸೀಮೆಯ ಲಿಂಟನ್–ಬಾರ್ನ್‌ಸ್ಟಪಲ್ ಎಂಬ ಪುಟ್ಟ ರೈಲು 1898ರಲ್ಲಿ ಶುರುವಾಗಿ 1935ರಲ್ಲಿ ಮುಚ್ಚಿತು. ಮುಚ್ಚಿ ಇಷ್ಟು ಕಾಲವಾದರೂ ಅದರ ಎಂಜಿನ್ನು ಬೋಗಿಗಳನ್ನು ಇವರು ಮೊಳೆ ಎಣಿಸಿ ಮಾದರಿ ಮಾಡುತ್ತಾರೆ. ನಮ್ಮ ದೇಶದ ಡಾರ್ಜಿಲಿಂಗ್ ರೈಲಿಗೂ ಆ ಭಾಗ್ಯವಿದೆ. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಅದೂ ಎರಡಡಿ ಹಳಿಯದೇ. ಆದರೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇದೇ ಎರಡಡಿ ಹಳಿಯ ಮೇಲೆ ರೈಲು ಓಡುತ್ತಿತ್ತು ಎಂಬುದು ಅಳಿಯನಿಗೆ ಗೊತ್ತಿರಲಿಲ್ಲ. ಅವನು ಹಳಿ ಹಾಸಿದ ಮಣ್ಣು ಯಾವುದು? ಕೆಮ್ಮಣ್ಣು. ಬೆಟ್ಟಕ್ಕೆ ಹೆಸರು ಕೊಟ್ಟ ಕಬ್ಬಿಣದ ಮಣ್ಣು. 1923ರಲ್ಲಿ ಶುರುವಾದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದು ಈ ಬೆಟ್ಟದಿಂದ. ರೋಪ್‌ವೇಯ ತೊಟ್ಟಿಗಳಲ್ಲಿ ತೂಗಾಡಿಕೊಂಡು ಕೆಳಗಿಳಿಯುತ್ತಿತ್ತು. ಕುಲುಮೆಗೆ ಬೇಕಾದ ಇದ್ದಿಲಿಗೆ ಸುತ್ತಲ ಕಾಡಿನ ಮರ ಟ್ರಾಮಿನಲ್ಲಿ ಹೋಗುತ್ತಿತ್ತು. ಈಗ ಗಣಿಯೂ ಇಲ್ಲ, ಟ್ರಾಮಿನ ಹಳಿಯೂ ಇಲ್ಲ. ಈ ಅಂಗಳದಲ್ಲಿ ನಿಜವಾಗಿ ಓಡಬೇಕಾದದ್ದು ಒಂದು ಅದಿರು ತೊಟ್ಟಿ, ಒಂದು ದಿಮ್ಮಿ ಬಂಡಿ. ಚನ್ನಪಟ್ಟಣದ ಕೈಗಳಿಗೆ ಅಳತೆ ಕೊಟ್ಟರೆ ಮಾಡಿಕೊಡದೆ ಇರುತ್ತಾರೆಯೇ? ಇಂಗ್ಲೆಂಡಿನ ದನ ಕೆಮ್ಮಣ್ಣಿನಲ್ಲಿ ಓಡಬಾರದೆಂದಲ್ಲ. ನೆಂಟರು ಬರಲಿ, ಆದರೆ ಮನೆಯವರಿಗೂ ಒಂದು ಮಣೆ ಇರಲಿ.

ಅಂದು ಸಂಜೆ ನಾನು ಪುಟ್ಟನೊಡನೆ ಕೂತು ಬಾವಿಕಟ್ಟೆಯ ಹತ್ತಿರದ ಜೇಡಿಮಣ್ಣಿನಲ್ಲಿ ಒಂದು ಜೊತೆ ಹೋರಿ ಮಾಡಿದೆ. ಬ್ಲೌಸು ಹೊಲಿಯುವ ಟೇಪಿನಲ್ಲಿ ಲೆಕ್ಕ ಹಾಕಿದೆ: ನಾಲ್ಕಡಿ ಎತ್ತರದ ಹೋರಿಯೆಂದರೆ 64 ಮಿಲಿಮೀಟರ್. ಅದರ ಮೇಲೆ ಕೊಂಬು, ತೆಂಗಿನ ಗರಿಯ ಕಡ್ಡಿಯದು. ಒಲೆಯ ಹತ್ತಿರ ಒಣಗಿಸಿ ಮಾರನೆಯ ದಿನ ಮರದ ಬೋಗಿಗೆ ಹತ್ತಿಸಿದೆವು. ಒಂದು ಹೇಗೋ ಹೋಯಿತು. ಎರಡನೆಯದರ ಕೊಂಬು ಮೇಲಿನ ಪಟ್ಟಿಗೆ ತಾಗಿ ಬಾಗಿಲು ಮುಚ್ಚಲಿಲ್ಲ. ಅಳಿಯ ಕೊಂಬನ್ನು ಸ್ವಲ್ಪ ಕತ್ತರಿಸೋಣವೇ ಎಂದ. ಪುಟ್ಟ ಬೋಗಿಯನ್ನೇ ಎತ್ತಿಕೊಂಡು ಓಡಿದ. "ಕತ್ತರಿಸಬೇಡ. ಇವೆರಡೂ ನಡೆದೇ ಬರುತ್ತವೆ" ಎಂದ. ಅವತ್ತು ರೈಲು ಖಾಲಿ ಬೋಗಿ ಎಳೆದುಕೊಂಡು ಹೋಯಿತು. ಹೋರಿಗಳು ಪುಟ್ಟನ ಕೈಯಲ್ಲಿ ಹಳಿಯ ಪಕ್ಕದಲ್ಲೇ ನಡೆದು, ಬಾವಿಕಟ್ಟೆ ಸ್ಟೇಷನ್ನನ್ನು ರೈಲಿಗಿಂತ ಮುಂಚೆ ತಲುಪಿದವು.

ಅಳಿಯನಿಗೆ ನಾನು ಕೊಟ್ಟ ತೀರ್ಪು ಇಷ್ಟು. ಪ್ಲಾಸ್ಟಿಕ್ಕಿನದು ಗಟ್ಟಿ, ಆದರೆ ದನದ ಬೋಗಿಯಲ್ಲ. ಹಿತ್ತಾಳೆಯದು ಎಲ್ಲ ಬಲ್ಲದು, ಆದರೆ ಬೀರುವಿನಲ್ಲಿ ಇಡುವಂಥದು. ಮರದ್ದು ಸೊಟ್ಟ, ಮಳೆಗಾಲಕ್ಕೆ ಒಳಗಿಡಬೇಕು, ಆದರೆ ಕೊಳ್ಳುವುದಾದರೆ ಅದೇ. ಮೊಮ್ಮಕ್ಕಳಿಗೆ ಆಟಿಕೆ ಕೊಳ್ಳಲು ಹೋದಾಗ ನೀವೂ ಬಣ್ಣ ನೋಡುವ ಮೊದಲು ಬಾಗಿಲನ್ನು ಎಳೆದು ನೋಡಿ. ತೆರೆದರೆ, ಅದರೊಳಗೆ ನಿಮ್ಮ ಮನೆಯ ಮಾತೊಂದನ್ನು ಇಡಲು ಜಾಗವಿದೆ.

ಮರದ ಬೋಗಿಯನ್ನು ಅಳಿಯ ಇಲ್ಲಿಯೇ ಬಿಟ್ಟುಹೋಗಿದ್ದಾನೆ. ಅಮ್ಮನ ಮಾತನ್ನು ಪುಟ್ಟನಿಗೆ ಇನ್ನೂ ಹೇಳಿಲ್ಲ. ಮುಂದಿನ ರಜೆಗೆ ಬಂದಾಗ ಆ ಹಲಗೆಯನ್ನು ಇಳಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕೆಂದಿದ್ದೇನೆ.