ಕಯ್ಯೂರಿನ ಕಥೆ: ಕಾದಂಬರಿಯೂ ಚಲಚ್ಚಿತ್ರವೂ

1941ನೆಯ ಮಾರ್ಚ್ 28ರಂದು ಕಯ್ಯೂರಿನ ರೈತರು ಮೆರವಣಿಗೆ ಹೊರಟಾಗ ಆ ಗ್ರಾಮವು ಪುತ್ತೂರಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಎದುರಾದ ಸುಬ್ಬರಾಯನೆಂಬ ಪೋಲೀಸಿನವನಿಗೆ ಜನರು ಬಾವುಟ ಹಿಡಿಸಿ ಮುಂದೆ ನಡೆಸಿದರು. ಆತನು ತಪ್ಪಿಸಿಕೊಳ್ಳಲೆಂದು ಹೊಳೆಗೆ ಹಾರಿ ಮುಳುಗಿ ಸತ್ತನು. 1943ನೆಯ ಮಾರ್ಚ್ 29ರಂದು ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.

ಈ ವೃತ್ತಾಂತವನ್ನು ‘ಚಿರಸ್ಮರಣೆ’ (1955)ಯಲ್ಲಿ ಕನ್ನಡಕ್ಕೆ ತಂದ ನಿರಂಜನರು, ಇಂದು ಕಡಬ ತಾಲ್ಲೂಕಿಗೆ ಸೇರಿದ ಕುಳ್ಕುಂದದಲ್ಲಿ ಜನಿಸಿ ಸುಳ್ಯದಲ್ಲಿಯೂ ನೀಲೇಶ್ವರದಲ್ಲಿಯೂ ಓದಿದವರು. ಇದೇ ಘಟನೆಯನ್ನು ಲೆನಿನ್ ರಾಜೇಂದ್ರನ್ ಅವರು ‘ಮೀನಮಾಸತ್ತಿಲೆ ಸೂರ್ಯನ್’ (1986) ಎಂಬ ಮಲೆಯಾಳ ಚಿತ್ರದಲ್ಲಿ ನಿರೂಪಿಸಿದರು. ಹೆಸರು ಮಾರ್ಮಿಕವಾಗಿದೆ: ಮೆರವಣಿಗೆ, ಗಲ್ಲು ಎರಡೂ ಮೀನಮಾಸದವು, ತುಳುವರು ಸುಗ್ಗಿಯೆನ್ನುವ ಬಿಸಿಲ ತಿಂಗಳಿನವು.

ಜನಾಂಗಹತ್ಯೆಯನ್ನು ಕುರಿತ ಚಿತ್ರಗಳು ಸಾಮಾನ್ಯರ ಧೈರ್ಯವನ್ನು ತೋರಿಸಲು ಒಬ್ಬ ರಕ್ಷಕನನ್ನು ಮುಂದಿರಿಸುವುದುಂಟು; ‘ಹೋಟೆಲ್ ರುವಾಂಡ’ (2004) ಅಂಥದು. ಕಯ್ಯೂರಿನಲ್ಲಿ ಹತ್ಯಾಕಾಂಡವೂ ಇಲ್ಲ, ಅಂಥ ಒಬ್ಬನೂ ಇಲ್ಲ, ಇರುವುದು ಊರು. ಆದುದರಿಂದಲೇ ಕಾದಂಬರಿಯ ಕ್ರಮವು ನನಗೆ ಹೆಚ್ಚು ಉಚಿತವಾಗಿ ತೋರುತ್ತದೆ. ಅಪ್ಪು, ಚಿರುಕಂಡರನ್ನು ನಿರಂಜನರು ಶಾಲೆಯ ಹುಡುಗರನ್ನಾಗಿ ಪರಿಚಯಿಸಿ, ಮಾಸ್ತರರ ಸಹವಾಸದಲ್ಲಿ ಅವರ ಅಂಜಿಕೆ ಮೆಲ್ಲಮೆಲ್ಲನೆ ಅಳಿಯುವುದನ್ನು ತೋರಿಸುತ್ತಾರೆ. ಜಮೀನ್ದಾರನೆದುರು ತಲೆಯೆತ್ತಿ ನಿಲ್ಲುವುದೇ ಅಲ್ಲಿ ಮಹತ್ಸಾಹಸ. ಚಲಚ್ಚಿತ್ರಕ್ಕೆ ಅಷ್ಟು ಸಾವಧಾನವೆಲ್ಲಿಯದು?

ಎರಡು ಕೃತಿಗಳಿಗೂ ಕಠಿಣವಾದ ಪರೀಕ್ಷೆಯೆಂದರೆ ಸುಬ್ಬರಾಯನ ಸಾವು. ಸಂಬಳಕ್ಕಾಗಿ ದುಡಿಯುವ ಅವನೂ ಸಾಮಾನ್ಯನೇ ಸರಿ. ಅವನ ಭಯವನ್ನು ಕಾಣಲೊಲ್ಲದ ಓದುಗನಿಗೆ ಆ ನಾಲ್ವರ ಧೈರ್ಯವೂ ಪೂರ್ಣವಾಗಿ ಕಾಣಲಾರದು. ಪಾಠ ಹೇಳುವ ಉಪಾಧ್ಯಾಯರು ಗಲ್ಲಿನ ಪ್ರಸಂಗವನ್ನು ಕಡೆಗಿರಿಸಿ, ಹೊಳೆಯ ದಡದಿಂದಲೇ ಆರಂಭಿಸಬಹುದು.