ಮನಃಶಾಸ್ತ್ರದ ಶಾಖೆಗಳು ಮತ್ತು ನಮ್ಮ ಕಾಲೇಜು ಪಾಠ: ಒಂದು ವಿಮರ್ಶೆ

ಪದವಿ ತರಗತಿಗಳಿಗಾಗಿ ರಚಿತವಾದ ಮನಃಶಾಸ್ತ್ರದ ಕೈಪಿಡಿಗಳಲ್ಲಿ ಮೊದಲ ಅಧ್ಯಾಯದ ಕ್ರಮವು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಶಾಸ್ತ್ರದ ಲಕ್ಷಣವನ್ನು ಹೇಳಿ, 1879ರಲ್ಲಿ ಲೈಪ್‌ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟನು ಸ್ಥಾಪಿಸಿದ ಪ್ರಯೋಗಶಾಲೆಯನ್ನು ಸ್ಮರಿಸಿ, ಒಡನೆಯೇ ಗ್ರಂಥಕರ್ತರು ಶಾಖೆಗಳ ಪಟ್ಟಿಗೆ ಇಳಿಯುತ್ತಾರೆ: ಪ್ರಾಯೋಗಿಕ, ವಿಕಾಸಾತ್ಮಕ, ಸಾಮಾಜಿಕ, ಶೈಕ್ಷಣಿಕ, ಔದ್ಯೋಗಿಕ, ಚಿಕಿತ್ಸಾ ಮನಃಶಾಸ್ತ್ರ. ಒಂದೊಂದಕ್ಕೂ ನಾಲ್ಕೈದು ಸಾಲುಗಳು ಸಲ್ಲುತ್ತವೆ. ಇತಿಹಾಸದ ಜೊತೆಗೆ ಮನಃಶಾಸ್ತ್ರವನ್ನೂ ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಗಳು ಈ ಪಟ್ಟಿಯನ್ನು ರಾಜವಂಶಾವಳಿಯಂತೆಯೇ ಕಂಠಪಾಠ ಮಾಡುವುದನ್ನು ನಾವು ಕಾಣುತ್ತೇವೆ. ರಾಜವಂಶಗಳಿಗಾದರೂ ಹಿಂದುಮುಂದುಗಳುಂಟು, ಈ ಶಾಖೆಗಳು ಎಂದೆಂದಿನಿಂದಲೂ ಹೀಗೆಯೇ ಇದ್ದುವೆಂಬಂತೆ ತೋರುತ್ತವೆ. ಪ್ರಕೃತ ಲೇಖನದ ಆಕ್ಷೇಪಣೆ ಇಲ್ಲಿಂದಲೇ ಹೊರಡುತ್ತದೆ.

ಪ್ರತಿಯೊಂದು ಶಾಖೆಯೂ ಯಾರದೋ ಒಂದು ಅಗತ್ಯದಿಂದ ಹುಟ್ಟಿತು. ಪ್ಯಾರಿಸ್ಸಿನ ಶಾಲೆಗಳಲ್ಲಿ ವಿಶೇಷ ಬೋಧನೆ ಬೇಕಾದ ಮಕ್ಕಳನ್ನು ಗುರುತಿಸುವ ಸಲುವಾಗಿ ಆಲ್ಫ್ರೆಡ್ ಬೀನೆಯು 1905ರಲ್ಲಿ ತನ್ನ ಮಾಪಕವನ್ನು ಸಿದ್ಧಪಡಿಸಿದನು. 1917ರಲ್ಲಿ ಅಮೆರಿಕದ ಸೈನ್ಯವು ಲಕ್ಷಾಂತರ ಜನರನ್ನು ಒಮ್ಮೆಗೇ ವಿಂಗಡಿಸಬೇಕಾಗಿ ಬಂದಾಗ ಸಾಮೂಹಿಕ ಪರೀಕ್ಷೆಗಳು ಬಳಕೆಗೆ ಬಂದುವು. ಹೀಗೆ ಶಾಖೆಯ ಬೆನ್ನಿಗೆ ಒಂದು ಸಂಸ್ಥೆಯೂ, ಸಂಸ್ಥೆಯ ಬೆನ್ನಿಗೆ ಒಂದು ಕಾಲವೂ ಇರುತ್ತವೆ. ಅವನ್ನು ಕಳಚಿ ಹೆಸರನ್ನಷ್ಟೇ ಉಳಿಸಿಕೊಂಡರೆ ವಿದ್ಯಾರ್ಥಿಗೆ ದಕ್ಕುವುದು ಐದು ಅಂಕಗಳ ಒಂದು ಉತ್ತರ.

ಈ ಲೋಪಕ್ಕೆ ಮೈಸೂರಿನಲ್ಲಿ ಕ್ಷಮೆ ಇನ್ನೂ ಕಡಿಮೆ. ಭಾರತದಲ್ಲಿ ಈ ಶಾಸ್ತ್ರವು ಬೇರೂರಿದ ಮೊದಲ ನೆಲೆಗಳಲ್ಲಿ ಮೈಸೂರೂ ಒಂದು. ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನಃಶಾಸ್ತ್ರದ ಪಾಠಕ್ರಮವನ್ನು 1905ರಷ್ಟು ಹಿಂದೆಯೇ ರೂಪಿಸಿದವರೆಂದು ಹೆಸರಾದ ಬ್ರಜೇಂದ್ರನಾಥ ಸೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ವ್ಯಾಸಂಗ ಮಾಡಿ ಮರಳಿದ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿ ಇಲ್ಲಿ ಮನಃಶಾಸ್ತ್ರ ವಿಭಾಗವು ಪ್ರಾರಂಭವಾಯಿತು. ದೇಶದಲ್ಲಿ ಅದಕ್ಕೂ ಹಿರಿಯದೆಂದರೆ ಕಲ್ಕತ್ತೆಯ ವಿಭಾಗ. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ತೆರೆದರೆಂಬುದು ಮೈಸೂರಿನವರೆಲ್ಲರಿಗೂ ಗೊತ್ತು. ಅವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ. ಜನಸಮೂಹವನ್ನು ಧ್ವನಿಯ ಮೂಲಕ ಮುಟ್ಟುವ ಈ ಸಾಹಸವನ್ನು ಸಾಮಾಜಿಕ ಮನಃಶಾಸ್ತ್ರದ ಪಾಠದಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲು ಅಡ್ಡಿಯೇನು? ಪರದೇಶದ ಉದಾಹರಣೆಗಳು ಬೇಡವೆಂದಲ್ಲ. ಆದರೆ ಮನೆಯಂಗಳದ ಬಾವಿಯನ್ನು ಮುಚ್ಚಿ ದೂರದ ನೀರನ್ನು ಹೊರುವುದು ವಿವೇಕವೆನಿಸದು.

ಹಿನಕಲ್ಲಿನಂಥ ಊರಿನಿಂದ ಬರುವ ವಿದ್ಯಾರ್ಥಿಯನ್ನು ನೆನೆಯೋಣ. ನನ್ನೇಶ್ವರನ ಗುಡಿಯ ಈ ಹಳ್ಳಿಯನ್ನು ನಗರವು ಸುತ್ತುವರಿದಿದೆ. ರಾಗಿ ಬೆಳೆಯುತ್ತಿದ್ದ ನೆಲ ನಿವೇಶನಗಳಾಗಿ ಒಡೆದಿದೆ. ಇಲ್ಲಿಂದ ಹುಣಸೂರು ರಸ್ತೆಯಲ್ಲಿ ನಗರದ ಕಡೆಗೆ ಬಂದರೆ ಮಾನಸಗಂಗೋತ್ರಿ. ಅದರ ಆವರಣದಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಇನ್ನೊಂದು ಕಡೆಗೆ ಹೂಟಗಳ್ಳಿಯ ಕೈಗಾರಿಕಾ ಪ್ರದೇಶ. ಮಾತು ತಡವಾದ ಮಗು, ಪಾಳಿಯ ಕೆಲಸದಲ್ಲಿ ನಿದ್ದೆಗೆಟ್ಟ ಕಾರ್ಮಿಕ, ಹೊಲ ಮಾರಿದ ಹಣ ಕೈಗೆ ಬಂದ ಮೇಲೆ ಅಣ್ಣತಮ್ಮಂದಿರಲ್ಲಿ ಬೆಳೆದ ಅಪನಂಬಿಕೆ, ಇವೆಲ್ಲವೂ ಈ ವಿದ್ಯಾರ್ಥಿಗೆ ಕೈಪಿಡಿ ತೆರೆಯುವ ಮುನ್ನವೇ ಪರಿಚಿತ. ಇವನ್ನು ವಿವೇಚಿಸುವ ಶಾಖೆಗಳ ಹೆಸರುಗಳು ಪುಸ್ತಕದಲ್ಲಿವೆ. ಹೆಸರಿಗೂ ವಸ್ತುವಿಗೂ ಸಂಬಂಧ ಕಲ್ಪಿಸುವುದು ಅಧ್ಯಾಪಕನ ಕೆಲಸ, ಅದೇ ನಡೆಯುತ್ತಿಲ್ಲ. ಪ್ರಯೋಗಶಾಲೆಯಲ್ಲಿಯೂ ಕನ್ನಡಿಯಲ್ಲಿ ನೋಡಿ ನಕ್ಷತ್ರವನ್ನು ತಿದ್ದುವುದು, ಮ್ಯುಲ್ಲರ್–ಲಾಯರ್ ರೇಖೆಗಳ ಭ್ರಮೆಯನ್ನು ಅಳೆಯುವುದು ವರ್ಷ ವರ್ಷವೂ ಸಾಗುತ್ತವೆ. ಫಲಿತಾಂಶವು ದಾಖಲೆ ಪುಸ್ತಕದಲ್ಲಿ ಮೊದಲೇ ಸಿದ್ಧವಾಗಿರುತ್ತದೆ ಎಂದರೂ ನಡೆದೀತು.

ಇತಿಹಾಸವನ್ನು ಬಿಟ್ಟುದರಿಂದಾಗುವ ಹಾನಿ ಬುದ್ಧಿಮಾಪನದ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು. ಬೀನೆಯ ಮಾಪಕವನ್ನು ಟರ್ಮನ್ 1916ರಲ್ಲಿ ಅಮೆರಿಕದ ಮಕ್ಕಳಿಗೆ ಹೊಂದಿಸಿದನು. ವಿ. ವಿ. ಕಾಮತರು ಅದನ್ನು ಅಂದಿನ ಮುಂಬಯಿ ಪ್ರಾಂತದ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ, ತಮ್ಮ ಶೋಧನೆಯನ್ನು 1940ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕನ್ನಡದ ಮಗುವಿನ ಬುದ್ಧಿಯನ್ನು ಕನ್ನಡದಲ್ಲಿಯೇ ವಿಚಾರಿಸಬೇಕೆಂಬ ಈ ಪ್ರಯತ್ನ ನಮ್ಮ ವಿದ್ವತ್ತಿನ ಹೆಮ್ಮೆಯ ಅಧ್ಯಾಯ. ಬೀನೆ–ಕಾಮತ್ ಪರೀಕ್ಷೆಯೆಂದು ಪ್ರಸಿದ್ಧವಾದ ಇದು ದಶಕಗಳ ಕಾಲ ದೇಶದ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿತ್ತು. ಆದರೆ ಮಾಪಕವೊಂದು ಮಗುವನ್ನು ಅಳೆಯುವುದು ಯಾವುದೋ ಒಂದು ಕಾಲದ ಇತರ ಮಕ್ಕಳಿಗೆ ಹೋಲಿಸಿ. ತಲೆಮಾರಿನಿಂದ ತಲೆಮಾರಿಗೆ ಸರಾಸರಿ ಅಂಕಗಳು ಏರುತ್ತ ಬಂದುದನ್ನು ಜೇಮ್ಸ್ ಫ್ಲಿನ್ 1984ರಲ್ಲಿ ಅಮೆರಿಕದ ಮಾಹಿತಿಯಿಂದ ತೋರಿಸಿದರು. ಬೇರೆ ಹಲವು ದೇಶಗಳಲ್ಲಿಯೂ ಅದು ಕಂಡುಬಂದಿತು. ಅಂಥ ಏರಿಕೆ ನಡೆದಿರುವ ಕಡೆ ಹಳೆಯ ಸರಾಸರಿಗೆ ಹೋಲಿಸಿದರೆ ಇಂದಿನ ಮಗುವಿನ ಬುದ್ಧಿಲಬ್ಧವು ಇರುವುದಕ್ಕಿಂತ ಹೆಚ್ಚಾಗಿ ಕಾಣುವುದು. ನೆರವಿಗೆ ಅರ್ಹವಾದ ಮಗು 70ರ ಗೆರೆಯನ್ನು ಕೂದಲೆಳೆಯಷ್ಟು ದಾಟಿ, ಪ್ರಮಾಣಪತ್ರವಿಲ್ಲದೆ, ಅದರಿಂದ ಬರುವ ಸೌಲಭ್ಯವಿಲ್ಲದೆ ಮನೆಗೆ ಮರಳಬಹುದು. ಮಾಪಕದ ಹುಟ್ಟಿದ ವರ್ಷವನ್ನು ಕೇಳಬೇಕೆಂದು ತಿಳಿಯದ ಪದವೀಧರನು ಈ ಅನ್ಯಾಯವನ್ನು ಗಮನಿಸುವುದಾದರೂ ಹೇಗೆ?

ಚಿಕಿತ್ಸಾ ಮನಃಶಾಸ್ತ್ರದ ಬಗೆಗೆ ಇನ್ನೊಂದು ಮಾತು. ವಿದ್ಯಾರ್ಥಿಗಳಲ್ಲಿ ಅನೇಕರು ಈ ಶಾಸ್ತ್ರಕ್ಕೆ ಬರುವುದು ಮನಸ್ಸಿನ ನೋವನ್ನು ಗುಣಪಡಿಸುವ ಆಸೆಯಿಂದ. ಆಸೆ ಮೆಚ್ಚತಕ್ಕದ್ದೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಮರುವರ್ಷ ವೈದ್ಯಕೀಯ ಮನಃಶಾಸ್ತ್ರದ ಡಿಪ್ಲೊಮಾ ತೊಡಗಿದಂದಿನಿಂದ (ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು) ಈ ವೃತ್ತಿಗೆ ಪ್ರತ್ಯೇಕ ಶಿಕ್ಷಣದ ಮಾರ್ಗ ಏರ್ಪಟ್ಟಿತು. 1992ರ ಕಾನೂನು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ವಿಧಿಸಿತು. ಬಿ.ಎ. ಪದವಿಯಿಂದ ಈ ಅಧಿಕಾರ ಬರುವುದಿಲ್ಲವೆಂಬುದನ್ನು ಮೊದಲ ವರ್ಷದಲ್ಲಿಯೇ ತಿಳಿಸಬೇಕು. ಮೂರು ವರ್ಷ ಕಳೆದ ಮೇಲೆ ತಿಳಿದುಕೊಂಡು ಹತಾಶರಾದವರು ಪ್ರತಿವರ್ಷವೂ ಸಿಗುತ್ತಾರೆ.

ನಮ್ಮ ಸೂಚನೆ ಚಿಕ್ಕದು. ಶಾಖೆಗಳ ಅಧ್ಯಾಯವನ್ನು ಆರಂಭದಿಂದ ತೆಗೆದು ಪಠ್ಯದ ಕೊನೆಗೆ ಇಡಬಹುದು. ಅಷ್ಟು ಹೊತ್ತಿಗೆ ವಿದ್ಯಾರ್ಥಿಗೆ ಪ್ರಶ್ನೆಗಳು ಹುಟ್ಟಿರುತ್ತವೆ. ಕನ್ನಡಿಯ ನಕ್ಷತ್ರಕ್ಕೆ ಮೀಸಲಾದ ಗಂಟೆಗಳಲ್ಲಿ ಒಂದೆರಡನ್ನು ಬಿಡಿಸಿ, ಕಾಮತರ ಗ್ರಂಥವನ್ನು ಮೇಜಿನ ಮೇಲೆ ತೆರೆದಿಟ್ಟು, ಅದರ ಯಾವ ಪ್ರಶ್ನೆಯು ಇಂದಿನ ಹಿನಕಲ್ಲಿನ ಆರು ವರ್ಷದ ಮಗುವಿಗೆ ಸುಲಭ, ಯಾವುದು ಅರ್ಥವೇ ಆಗದು, ಏಕೆ ಎಂಬುದನ್ನು ಬರೆದು ತರಲು ಹೇಳಬಹುದು. ಅದಕ್ಕೆ ಹೊಸ ಉಪಕರಣವಾಗಲಿ ಅನುದಾನವಾಗಲಿ ಬೇಕಿಲ್ಲ. ಗ್ರಂಥಾಲಯದ ಕಪಾಟಿನ ಬೀಗ ತೆಗೆದರೆ ಸಾಕು.