ಐಸ್‌ಕ್ರೀಂ ಗಾಡಿ: ರಾಗಕ್ಕಿಂತ ರೂಢಿ ದೊಡ್ಡದು

ಅಮೆರಿಕದ ಐಸ್‌ಕ್ರೀಂ ಗಾಡಿಯ ಮಾತು ಬಂದರೆ ಸಾಕು, ಅಲ್ಲಿನವರು ಬಾಲ್ಯದ ಬೇಸಿಗೆಗೆ ಜಾರುತ್ತಾರೆ. ಆ ಮೋಹ ಸುಳ್ಳಲ್ಲ. ಆದರೆ ತಾನಾಗಿ ಹುಟ್ಟಿದ್ದೂ ಅಲ್ಲ.

1920ರಲ್ಲಿ ಒಹಾಯೋದ ಯಂಗ್ಸ್‌ಟೌನ್‌ನ ಮಿಠಾಯಿ ವ್ಯಾಪಾರಿ ಹ್ಯಾರಿ ಬರ್ಟ್ ಚಾಕೊಲೇಟ್ ಹೊದಿಸಿದ ಐಸ್‌ಕ್ರೀಮಿಗೆ ಕಡ್ಡಿ ಚುಚ್ಚಿ ‘ಗುಡ್ ಹ್ಯೂಮರ್’ ಎಂದು ಹೆಸರಿಟ್ಟ. ತಟ್ಟೆ, ಚಮಚ, ಕುರ್ಚಿ ಬೇಡವಾದ ಮೇಲೆ ಅಂಗಡಿಯೇ ಬೀದಿಗಿಳಿಯಿತು. ಬೀದಿಯ ತಿನಿಸು ಕೊಳಕೆಂಬ ಅನುಮಾನಕ್ಕೆ ಬಿಳಿ ಗಾಡಿ, ಬಿಳಿ ಸಮವಸ್ತ್ರಗಳೇ ಉತ್ತರ. ಮಕ್ಕಳನ್ನು ಹೊರಗೆ ಕರೆಯಲು ಬರ್ಟ್‌ನ ಮಗನ ಹಿಮಬಂಡಿಯ ಗಂಟೆಗಳು. ಒಂದೊಂದರ ಹಿಂದೆಯೂ ಲೆಕ್ಕಾಚಾರವಿತ್ತು. ಬರ್ಟ್‌ನ ಜಾಣ್ಮೆ ಇರುವುದೂ ಅಲ್ಲೇ.

1956ರಲ್ಲಿ ಫಿಲಡೆಲ್ಫಿಯಾದ ಕಾನ್ವೇ ಸಹೋದರರು ‘ಮಿಸ್ಟರ್ ಸಾಫ್ಟಿ’ ಆರಂಭಿಸಿ, ಮೆದು ಐಸ್‌ಕ್ರೀಂ ತಯಾರಿಸುವ ಯಂತ್ರವನ್ನೇ ಗಾಡಿಗೇರಿಸಿದರು. 1960ರಲ್ಲಿ ಲೆಸ್ ವಾಸ್ ಅದಕ್ಕೊಂದು ಜಾಹೀರಾತು ಗೀತೆ ಕಟ್ಟಿಕೊಟ್ಟರು. ಗಂಟೆ ಗಾಡಿ ಬಂದದ್ದನ್ನು ಸಾರಿ ಸುಮ್ಮನಾಗುತ್ತಿತ್ತು; ಧ್ವನಿವರ್ಧಕದ ಹಾಡಿಗೆ ಆ ಸಂಯಮವಿಲ್ಲ. ನಿಂತ ಗಾಡಿ ಹಾಡಬಾರದೆಂದು ನ್ಯೂಯಾರ್ಕ್ ನಗರ 2005ರಲ್ಲಿ ಕಾನೂನು ಮಾಡಬೇಕಾಯಿತು. ಇಂಗ್ಲೆಂಡಿನ ನಿಯಮಾವಳಿಯಂತೂ ಒಮ್ಮೆಗೆ 12 ಸೆಕೆಂಡು ಮೀರಬಾರದು ಎನ್ನುತ್ತದೆ. ಅದೇ ಹಾಡನ್ನು ದಿನವಿಡೀ ಕೇಳಬೇಕಾದ ಮನೆಯವರಿಗೆ ಅದು ಸವಿನೆನಪಲ್ಲ, ತಲೆನೋವು.

ಇನ್ನೂ ಕಹಿಯಾದ ಸಂಗತಿಯೊಂದಿದೆ. ಅನೇಕ ಗಾಡಿಗಳು ನುಡಿಸುತ್ತ ಬಂದ ‘ಟರ್ಕಿ ಇನ್ ದ ಸ್ಟ್ರಾ’ ಧಾಟಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ರಂಗಪ್ರದರ್ಶನಗಳಲ್ಲಿ ಮೆರೆದದ್ದು. 2020ರಲ್ಲಿ ಗುಡ್ ಹ್ಯೂಮರ್ ಕಂಪನಿ ರ್‍ಯಾಪ್ ಸಂಗೀತಗಾರ ರಿಝಾ ಅವರಿಂದ ಹೊಸ ರಾಗ ಮಾಡಿಸಿ ಚಾಲಕರಿಗೆ ಉಚಿತವಾಗಿ ಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಆ ಕಂಪನಿ 1978ರಲ್ಲೇ ತನ್ನ ಗಾಡಿಗಳನ್ನು ಮಾರಿ ಅಂಗಡಿಗಳ ಫ್ರೀಜರ್ ಸೇರಿತ್ತು. ಗಾಡಿ ಬಿಟ್ಟರೂ ಗಾಡಿಯ ನೆನಪಿನ ಲಾಭ ಬಿಡಲಿಲ್ಲ.

ಹಾಗಾದರೆ ಮೆಚ್ಚಬೇಕಾದ್ದೇನು? ಅಂಗಡಿಯಲ್ಲಿ ಕೊಳ್ಳುವವರು ದೊಡ್ಡವರು, ಮಗು ಬರೀ ಬೇಡುತ್ತದೆ. ಗಾಡಿಯ ಮುಂದೆ ಚಿಲ್ಲರೆ ಹಿಡಿದು ನಿಂತ ಮಗುವೇ ಗಿರಾಕಿ; ಬೇಕಾದ್ದನ್ನು ಆರಿಸಿ, ಕಾಸು ಕೊಟ್ಟು, ಉಳಿದದ್ದನ್ನು ಎಣಿಸಿಕೊಳ್ಳುತ್ತದೆ. ಅದರ ಜೊತೆ ನೆರೆಹೊರೆಯೂ ಬೀದಿಗಿಳಿಯುತ್ತದೆ. ರಾಗ ಬದಲಾದರೆ, ಹೊಗೆಯುಗುಳುವ ಡೀಸೆಲ್ ಎಂಜಿನ್ ಜಾಗಕ್ಕೆ ಬ್ಯಾಟರಿ ಬಂದರೆ ಈ ಗುಣಕ್ಕೆ ಕುಂದಿಲ್ಲ. ಹಳೆಯ ಹಾಡಿಗಾಗಿ ಹಟ ಹಿಡಿಯುವವರು ಗಾಡಿಯ ಸಿಪ್ಪೆಯನ್ನು ಉಳಿಸಿಕೊಂಡು ತಿರುಳನ್ನು ಬಿಡುತ್ತಿದ್ದಾರೆ.